ಬೆಹಾಮ್‌ನ ಹಳ್ಳಿ ಜಾತ್ರೆ ಲಿನೋ ಮೇಲೆ ಕೆತ್ತಿದ ಅನುಭವ

ಪ್ರಿಂಟ್‌ಮೇಕಿಂಗ್, ಅಂದ್ರೆ ಬ್ಲಾಕ್ ಕೆತ್ತಿ ಇಂಕ್ ಹಚ್ಚಿ ಚಿತ್ರ ಒತ್ತೋದು, ಕಲಿಯೋರು ಸುಮಾರು ಜನ ಮೊದಲು ಜರ್ಮನಿಯ ಹೆಸರಾಂತ ಕಲಾವಿದ ಡ್ಯೂರರ್‌ನ ಕಾಪಿ ಮಾಡ್ತಾರೆ, ನಾನು ಅವನದೇ ಊರು ನ್ಯೂರೆಂಬರ್ಗ್‌ನ ಸೆಬಾಲ್ಡ್ ಬೆಹಾಮ್‌ನ ಹಿಡ್ಕೊಂಡೆ. 1535ರ ಸುಮಾರಿಗೆ ಅವನು ಹಳ್ಳಿ ಚರ್ಚಿನ ಜಾತ್ರೆದೊಂದು ದೊಡ್ಡ ವುಡ್‌ಕಟ್ (ಮರದ ಬ್ಲಾಕ್ ಕೆತ್ತಿ ಒತ್ತಿದ ಚಿತ್ರ) ಮಾಡಿದಾನೆ, ನಾಲ್ಕು ಬ್ಲಾಕ್, ಹಾಳೆಗಳನ್ನ ಪಕ್ಕಪಕ್ಕ ಜೋಡಿಸಿದ್ರೆ ಒಂದು ಮೀಟರಿಗಿಂತ ಉದ್ದ. ಪೇಂಟಿಂಗ್ ಅಲ್ಲ ನಿಜ, ಆದ್ರೆ ಆ ಕಾಲದ ಜರ್ಮನ್ ಹಳ್ಳಿ ಜನ ಏನ್ ಮಾಡ್ತಿದ್ರು ಅಂತ ನೋಡೋಕೆ ಇಂಥ ಪ್ರಿಂಟ್‌ಗಳಲ್ಲಿ ಸಿಗೋಷ್ಟು ಮಾಲು ಬೇರೆ ಕಡೆ ಕಷ್ಟ.

ಒಂದು ಕಡೆ ಚರ್ಚ್ ಬಾಗಿಲಲ್ಲಿ ಮದುವೆ ನಡೀತಿದೆ, ಇನ್ನೊಂದು ಕಡೆ ಹೋಟೆಲ್ ಮುಂದೆ ಉದ್ದ ಟೇಬಲ್ ಹಾಕ್ಕೊಂಡು ಕುಡೀತಿದಾರೆ, ಜಾಸ್ತಿ ಆದವನು ಅಲ್ಲೇ ವಾಂತಿ ಮಾಡ್ತಿದಾನೆ, ಹಲ್ಲು ಕೀಳೋನು ಇದಾನೆ, ಕತ್ತಿ ಹಿಡ್ಕೊಂಡು ಹೊಡೆದಾಡೋರು ಇದಾರೆ, ಜೋಡಿ ಜೋಡಿಯಾಗಿ ಕುಣಿಯೋರು ಇದಾರೆ. ಪೂರ್ತಿ ಕೆತ್ತೋ ತಾಕತ್ತು ನನಗಿಲ್ಲ, ಹಂಗಾಗಿ ಕುಣಿಯೋ ಜೋಡಿಗಳನ್ನ ಮಾತ್ರ ತಗೊಂಡೆ.

ಸ್ಕ್ಯಾನ್ ಇಳಿಸ್ಕೊಂಡು, ಪ್ರಿಂಟ್ ಹಾಕಿಸಿ, ಟ್ರೇಸಿಂಗ್ ಶೀಟ್ ಮೇಲೆ ಎತ್ಕೊಂಡು, ಶೀಟ್ ತಿರುಗಿಸಿ ಹಾಕಿ ಕಾರ್ಬನ್‌ನಲ್ಲಿ ಲಿನೋ (ಕೆತ್ತೋಕೆ ಬಳಸೋ ಲಿನೋಲಿಯಂ ಹಾಳೆ) ಮೇಲೆ ಇಳಿಸಿದೆ. ಬ್ಲಾಕ್‌ನಲ್ಲಿರೋದು ಪೇಪರ್ ಮೇಲೆ ಎಡಬಲ ಉಲ್ಟಾ ಬೀಳುತ್ತೆ, ತಿರುಗಿಸಲಿಲ್ಲ ಅಂದ್ರೆ ಪ್ರಿಂಟ್‌ನಲ್ಲಿ ಎಲ್ಲರೂ ಎಡಗೈಯವರಾಗ್ತಾರೆ. ಸೈಜ್ ಮಾತ್ರ ಮೂಲಕ್ಕಿಂತ ದೊಡ್ಡದು ಮಾಡ್ಕೊಂಡೆ, ಯಾಕಂದ್ರೆ ಅವರು ಕೆತ್ತಿದ್ದು ಗಟ್ಟಿ ಮರದಲ್ಲಿ, ಲಿನೋ ಮೆತ್ತಗಿರೋದ್ರಿಂದ ಅಷ್ಟು ಸಣ್ಣ ಗೆರೆ ನಿಲ್ಲಲ್ಲ, ಮುರ್ಕೊಂಡು ಬರುತ್ತೆ.

ಈಗ ಅಸಲಿ ವಿಷಯ. ಪೆನ್ನಲ್ಲಿ ಒಂದು ಕಪ್ಪು ಗೆರೆ ಎಳೆಯೋಕೆ ಒಂದೇ ಸಲ ಕೈ ಆಡಿಸಿದ್ರೆ ಸಾಕು. ಇಲ್ಲಿ ಕೆತ್ತದೆ ಉಬ್ಬಿ ಉಳಿದಿದ್ದಕ್ಕೆ ಮಾತ್ರ ಇಂಕ್ ಹಿಡಿಯೋದು, ಹಂಗಾಗಿ ಅದೇ ಗೆರೆ ಉಳೀಬೇಕು ಅಂದ್ರೆ ಆ ಕಡೆ ಈ ಕಡೆ ಎರಡೂ ಬದಿ ವಿ ಟೂಲ್‌ನಲ್ಲಿ (V ಆಕಾರದ ತುದಿಯ ಉಳಿ) ತೆಗೀಬೇಕು, ಆಮೇಲೆ ಸುತ್ತ ಇರೋ ಖಾಲಿ ಜಾಗ ಯು ಟೂಲ್‌ನಲ್ಲಿ (U ಆಕಾರದ ತುದಿಯ ಉಳಿ) ಕ್ಲೀನ್ ಮಾಡ್ಬೇಕು. ಗೆರೆ ಮೇಲೆ ಗೆರೆ ಅಡ್ಡ ಹಾಕಿದ್ರಂತೂ ಮಧ್ಯದ ಒಂದೊಂದು ಚೌಕಾನೂ ಬೇರೆಬೇರೆ ಕಿತ್ತು ತೆಗೀಬೇಕಾಗುತ್ತೆ. ಅದಕ್ಕೇ ನೆರಳಿಗೆ ಹೆಚ್ಚಾಗಿ ಒಂದೇ ದಿಕ್ಕಿಗೆ ಹೋಗೋ ಗೆರೆಗಳು. ಬರೀ ನೋಡುವಾಗ ಇದು ಅವನ ಸ್ಟೈಲ್ ಅನ್ನಿಸ್ತಿತ್ತು, ಕೆತ್ತೋಕೆ ಕೂತಾಗ ಇದರಲ್ಲಿ ಅರ್ಧ ಕೂಲಿ ಲೆಕ್ಕಾನೂ ಇದೆ ಅಂತ ಗೊತ್ತಾಯ್ತು. ಆ ಕೂಲಿ ಬೆಹಾಮ್‌ದೂ ಅಲ್ಲ, ಆಗ ಚಿತ್ರ ಬರೆಯೋನು ಒಬ್ಬ, ಬ್ಲಾಕ್ ಕೆತ್ತೋನು ಇನ್ನೊಬ್ಬ, ಅದೇ ಒಂದು ಬೇರೆ ಕಸುಬು. ನಾವು ಹೊಗಳೋ ಗೆರೆಯಲ್ಲಿ ಹೆಸರಿಲ್ಲದ ಆ ಇನ್ನೊಬ್ಬನ ಕೈಯೂ ಇದೆ.

ಹೆಂಗಸಿನ ಲಂಗದ ನಿರಿಗೆ ಕೆತ್ತೋವಾಗ ಇದು ಚೆನ್ನಾಗಿ ಗೊತ್ತಾಗುತ್ತೆ. ಸೊಂಟದ ಹತ್ರ ಗೆರೆಗಳು ಒತ್ತೊತ್ತಾಗಿ ಶುರುವಾಗಿ, ಕೆಳಗೆ ಬರ್ತಾ ಬಿಡಿಬಿಡಿ ಆಗಿ, ತಿರುಗೋ ಕಡೆಗೆ ಬಾಗ್ತವೆ, ಅಷ್ಟರಲ್ಲೇ ಅವಳು ಗಿರ್ರನೆ ತಿರುಗಿದ್ದು ಕಾಣುತ್ತೆ. ಇಲ್ಲಿ ಟೂಲ್ ತಳ್ಳೋದಕ್ಕಿಂತ ಟೂಲ್ ಹಂಗೇ ಇಟ್ಕೊಂಡು ಎಡಗೈಲಿ ಲಿನೋ ತಿರುಗಿಸ್ತಾ ಹೋದ್ರೆ ಬಾಗು ನೀಟಾಗಿ ಬರುತ್ತೆ. ಕುಣಿಯೋರ ಕಾಲ ಸುತ್ತ ಮಾತ್ರ ಸಾಕಷ್ಟು ಬಿಳಿ ಜಾಗ ಬಿಟ್ಟಿರ್ತಾರೆ, ಇಷ್ಟು ಗಲಾಟೆ ಮಧ್ಯೆ ಯಾರ ಕಾಲು ಯಾರದು ಅಂತ ಗೊಂದಲ ಆಗದೇ ಇರೋದು ಅದರಿಂದ್ಲೇ.

ಇನ್ನು ಇವನು ರೈತರನ್ನ ಗೇಲಿ ಮಾಡಿದ್ನಾ ಅನ್ನೋ ಜಗಳ ಹಳೇದು. ಕುಡುಕರು, ಹೊಡೆದಾಟ, ವಾಂತಿ ನೋಡಿ ಪಟ್ಟಣದವರಿಗೆ ಬುದ್ಧಿ ಹೇಳೋಕೆ ಮಾಡಿದ್ದು ಅನ್ನೋರಿದಾರೆ, ಚರ್ಚ್ ಸುಧಾರಣೆಗೆ ಹೊರಟಿದ್ದ ಲೂಥರ್ ಕೂಡ 1520ರಲ್ಲೇ ಇಂಥ ಜಾತ್ರೆಗಳು ಹೆಂಡದಂಗಡಿ ಜೂಜು ಆಗೋಗಿವೆ, ನಿಲ್ಲಿಸಿ ಅಂತ ಬರೆದಿದ್ದ. ಆದ್ರೆ ಬೆಹಾಮ್ ಅಷ್ಟೊಂದು ಸಂಭಾವಿತ ಆಗಿರ್ಲಿಲ್ಲ ಅಲ್ವಾ, 1525ರಲ್ಲಿ, ಅಂದ್ರೆ ಜರ್ಮನಿಯಲ್ಲಿ ರೈತರು ದಂಗೆ ಎದ್ದ ವರ್ಷಾನೇ, ಧರ್ಮದ ಬಗ್ಗೆ ತಲೆಹರಟೆ ಮಾತಾಡಿದ ಅಂತ ಇವನನ್ನೂ ಇವನ ತಮ್ಮ ಬಾರ್ಥೆಲ್‌ನೂ ಇನ್ನೊಬ್ಬ ಕಲಾವಿದ ಜಾರ್ಜ್ ಪೆನ್ಟ್ಸ್‌ನೂ ನ್ಯೂರೆಂಬರ್ಗ್‌ನಿಂದ ಓಡಿಸಿದ್ರು. ನನಗಂತೂ ಗೇಲಿ ಇದೆ ಅನ್ಸುತ್ತೆ, ಆದ್ರೆ ಕೀಳಾಗಿ ನೋಡಿಲ್ಲ. ಬರೀ ಆಡ್ಕೊಳ್ಳೋನು ಕುಣಿಯೋಳ ನಿರಿಗೆಗೆ ಇಷ್ಟು ತಲೆ ಕೆಡಿಸ್ಕೊಳ್ತಿದ್ನಾ?

ಪ್ರಿಂಟ್ ತೆಗೆದಿದ್ದು ಪ್ರೆಸ್ ಇಲ್ದೇನೇ. ಗಾಜಿನ ಮೇಲೆ ಇಂಕ್ ರೋಲರ್‌ನಲ್ಲಿ ತೆಳ್ಳಗೆ ಹರಡಿ, ಚುರ್ ಚುರ್ ಅಂತ ಸದ್ದು ಬರೋವರೆಗೂ ಉರುಳಿಸಿ ಆಮೇಲೆ ಬ್ಲಾಕ್‌ಗೆ ಹಾಕೋದು, ಇಂಕ್ ದಪ್ಪ ಆದ್ರೆ ನಿರಿಗೆ ಎಲ್ಲ ಮುಚ್ಚೋಗುತ್ತೆ. ಮೇಲೆ ತೆಳು ಪೇಪರ್ ಇಟ್ಟು ಸ್ಟೀಲ್ ಚಮಚದ ಹಿಂಬದಿಯಿಂದ ಉಜ್ಜಿದೆ, ಮುಖ ಮತ್ತೆ ಕೈ ಇರೋ ಕಡೆ ಹಗುರವಾಗಿ, ಬಟ್ಟೆ ಕಡೆ ಒತ್ತಿ. ಟ್ರೈ ಮಾಡೋರು ಟೂಲ್ ಆಗಾಗ ಸಾಣೆ ಹಿಡೀರಿ, ಚಳಿ ಇದ್ರೆ ಲಿನೋನ ಸ್ವಲ್ಪ ಬಿಸಿಲಲ್ಲಿ ಇಟ್ಟು ಶುರು ಮಾಡಿ, ಬೆಣ್ಣೆ ಥರ ಬರುತ್ತೆ. ನನ್ನ ಮುಂದಿನದು ಹಲ್ಲು ಕೀಳೋನು, ಟ್ರೇಸಿಂಗ್ ಆಗಿದೆ.