ನೇಚರ್ ಫ್ರೆಂಡ್ಸ್ ಸೇರಬೇಕೆ? ಮೊದಲು ಅವರ ಜೊತೆ ಒಂದು ದಿನ ನಡೆಯಿರಿ

ಬೆಟ್ಟ ಹತ್ತುವುದೂ ಇಷ್ಟ, ಕಾಡು ಉಳಿಯಬೇಕು ಅನ್ನುವ ಕಾಳಜಿಯೂ ಇದೆ. ಎರಡನ್ನೂ ಒಟ್ಟಿಗೆ ಮಾಡುವ ಸಂಘ ಹುಡುಕುತ್ತಿರುವವರಿಗೆ ನೇಚರ್ ಫ್ರೆಂಡ್ಸ್ ಒಳ್ಳೆಯ ಜಾಗ. ಓದು, ಕೆಲಸ ಅಂತ ಜರ್ಮನಿ, ಆಸ್ಟ್ರಿಯಾ, ಸ್ವಿಟ್ಜರ್ಲೆಂಡ್ ಕಡೆ ಹೋಗಿ ನೆಲೆಸಿದವರಿಗಂತೂ ಅಲ್ಲಿನ ಜನರ ಜೊತೆ ಬೆರೆಯಲು ಇದು ಸುಲಭದ ದಾರಿ. ಜರ್ಮನ್ ಮಾತಾಡುವ ದೇಶಗಳಲ್ಲಿ ಇದರ ಹೆಸರು ನಾಟೂರ್‌ಫ್ರಾಯಿಂಡೆ. ಫ್ರಾನ್ಸ್‌ನಲ್ಲಿ ಅಮಿ ದ ಲಾ ನಾಟ್ಯೂರ್. ನೆದರ್ಲೆಂಡ್ಸ್‌ನಲ್ಲಿ ನಿವೊನ್. ಹುಡುಕುವಾಗ ಈ ಹೆಸರುಗಳೇ ಬೇಕಾಗುತ್ತವೆ.

ಮೊದಲೇ ಒಂದು ಮಾತು ಹೇಳಬೇಕು. ಇದರ ಅಂತರರಾಷ್ಟ್ರೀಯ ಕಚೇರಿ ವಿಯೆನ್ನಾದಲ್ಲಿದೆ, ನಿಜ. ಆದರೆ ನಾವು ಅರ್ಜಿ ಹಾಕುವುದು ಅಲ್ಲಿಗಲ್ಲ. ಅದು ಬೇರೆ ಬೇರೆ ದೇಶಗಳ ಸಂಘಗಳು ಸೇರಿ ಮಾಡಿಕೊಂಡ ಒಕ್ಕೂಟ. ನಿಮ್ಮ, ನಮ್ಮಂಥವರು ಸೇರುವುದು ನಾವಿರುವ ಊರಿನ ಶಾಖೆಗೆ. ಹಾಗಾಗಿ ಈ ಸಂಘ ನಿಮಗೆ ಹಿಡಿಸುತ್ತದೋ ಇಲ್ಲವೋ ಅನ್ನುವುದು ಆ ಶಾಖೆಯ ಮೇಲೆ ನಿಂತಿದೆ.

ಇದು ಹುಟ್ಟಿದ ಬಗೆ ತಿಳಿದರೆ ಇದರ ರೀತಿನೀತಿ ಬೇಗ ಅರ್ಥವಾಗುತ್ತದೆ. 1895ರ ಮಾರ್ಚ್‌ನಲ್ಲಿ ವಿಯೆನ್ನಾದ ಕಾರ್ಮಿಕರ ಪತ್ರಿಕೆಯೊಂದರಲ್ಲಿ ಒಂದು ಸಣ್ಣ ಜಾಹೀರಾತು ಬಂತು. ನಿಸರ್ಗ ಇಷ್ಟಪಡುವವರು ಸೇರಿ ಸುತ್ತಾಟದ ಗುಂಪು ಕಟ್ಟೋಣ ಬನ್ನಿ ಅನ್ನುವ ಕರೆ ಅದು. ಅದನ್ನು ಕೊಟ್ಟವರು ಗೇಯೋರ್ಗ್ ಶ್ಮೀಡ್ಲ್ ಎಂಬ ಶಾಲಾ ಮೇಷ್ಟ್ರು. ಅವರ ಜೊತೆ ನಿಂತವರಲ್ಲಿ ಒಬ್ಬರು ಅಲೋಯಿಸ್ ರೋರೌವರ್ ಎಂಬ ಕಮ್ಮಾರ. ಇನ್ನೊಬ್ಬರು ಆಗಿನ್ನೂ ವಿದ್ಯಾರ್ಥಿಯಾಗಿದ್ದ ಕಾರ್ಲ್ ರೆನ್ನರ್. ಮುಂದೆ ಆಸ್ಟ್ರಿಯಾದ ಅಧ್ಯಕ್ಷರಾದ ಅದೇ ರೆನ್ನರ್. ಆ ವರ್ಷದ ಈಸ್ಟರ್ ಹೊತ್ತಿಗೆ ಗುಂಪು ವಿಯೆನ್ನಾ ಹತ್ತಿರದ ಆನಿಂಗರ್ ಗುಡ್ಡಕ್ಕೆ ಹೊರಟಿತು.

ಆಗ ಬೆಟ್ಟ ಸುತ್ತುವುದು ದುಡ್ಡಿದ್ದವರ ಹವ್ಯಾಸವಾಗಿತ್ತು. ಎಷ್ಟೋ ಕಾಡುಗಳು ಶ್ರೀಮಂತರ ಬೇಟೆಯ ಜಾಗಗಳು, ಉಳಿದವರು ಕಾಲಿಡುವಂತಿರಲಿಲ್ಲ. ಬೆಟ್ಟ ಎಲ್ಲರಿಗೂ ಮುಕ್ತವಾಗಿರಲಿ ಅನ್ನುವುದೇ ಸಂಘದ ಕೂಗಾಯಿತು. ‘ಬೆರ್ಗ್ ಫ್ರೈ’ ಎಂದು ಇವತ್ತಿಗೂ ಸದಸ್ಯರು ಒಬ್ಬರಿಗೊಬ್ಬರು ನಮಸ್ಕಾರ ಹೇಳುವುದು ಅದೇ ಕಾರಣಕ್ಕೆ. ಆಸ್ಟ್ರಿಯಾದಲ್ಲಿ ವಿಹಾರಕ್ಕಾಗಿ ಯಾರು ಬೇಕಾದರೂ ಕಾಡಿನಲ್ಲಿ ಓಡಾಡಬಹುದು ಎಂಬ ಹಕ್ಕು ಕಾನೂನಿನಲ್ಲಿ ಬಂದದ್ದು 1975ರಲ್ಲಿ. ಜರ್ಮನಿಯಲ್ಲಿ 1933ರಲ್ಲಿ, ಆಸ್ಟ್ರಿಯಾದಲ್ಲಿ 1934ರಲ್ಲಿ ಸಂಘವನ್ನೇ ನಿಷೇಧಿಸಿದ್ದರು. ಯುದ್ಧ ಮುಗಿದ ಮೇಲೆ ಮತ್ತೆ ಕಟ್ಟಿದರು. ಇದು ಕಾರ್ಮಿಕ ಚಳವಳಿಯಿಂದ ಬಂದ ಸಂಘ, ಎಡಪಂಥದ ಒಲವು ಈಗಲೂ ಇದೆ. ಜನಾಂಗದ್ವೇಷದ ವಿರುದ್ಧ, ಶಾಂತಿಯ ಪರ ನೇರವಾಗಿ ನಿಲ್ಲುತ್ತದೆ. ಸೇರುವ ಮೊದಲು ಇದು ಗೊತ್ತಿರಲಿ.

ಶಾಖೆ ಆರಿಸುವುದು

ನಿಮ್ಮ ದೇಶದ ಸಂಘದಲ್ಲಿ ಶಾಖೆಗಳ ಪಟ್ಟಿ ಇರುತ್ತದೆ. ಹತ್ತಿರದ ಎರಡು ಮೂರು ಶಾಖೆಗಳನ್ನು ಗುರುತು ಮಾಡಿಕೊಂಡು ಅವರ ವರ್ಷದ ಕಾರ್ಯಕ್ರಮ ನೋಡಿ. ಒಂದು ಶಾಖೆಯಲ್ಲಿ ಬರೀ ನಡಿಗೆ ಇರಬಹುದು. ಇನ್ನೊಂದರಲ್ಲಿ ದೋಣಿ, ಬಂಡೆ ಹತ್ತುವುದು, ಹಿಮದಲ್ಲಿ ಸ್ಕೀಯಿಂಗ್, ಫೋಟೋಗ್ರಫಿ, ಮಕ್ಕಳ ಗುಂಪು ಎಲ್ಲ ಇರಬಹುದು. ಹಕ್ಕಿ, ನದಿ, ಹುಲ್ಲುಗಾವಲು ಕಾಯುವ ಕೆಲಸ ಎಷ್ಟಿದೆ ಅನ್ನುವುದನ್ನೂ ನೋಡಿ. ನಾಟೂರಾ ಟ್ರೇಲ್ಸ್ ಎಂಬ ಹೆಸರಿನಲ್ಲಿ ಇವರು ಯುರೋಪಿನ ಸಂರಕ್ಷಿತ ಪ್ರದೇಶಗಳಲ್ಲಿ ಕಾಲುದಾರಿ ಗುರುತಿಸಿದ್ದಾರೆ. ಅಂಥದ್ದೊಂದು ದಾರಿ ಶಾಖೆಯ ಹತ್ತಿರ ಇದ್ದರೆ ಅದೃಷ್ಟ.

ನನ್ನ ಸಲಹೆ ಕೇಳಿದರೆ, ಸ್ವಂತ ಮನೆ ಇರುವ ಶಾಖೆ ಆರಿಸಿ. ಅರ್ಧ ಗಂಟೆ ದೂರವಾದರೂ ಪರವಾಗಿಲ್ಲ. ಇಲ್ಲಿ ಮನೆ ಅಂದರೆ ಬೆಟ್ಟದಲ್ಲೋ ಕಾಡಂಚಿನಲ್ಲೋ ಸದಸ್ಯರೇ ಕಟ್ಟಿ ನಡೆಸುವ ವಸತಿ. ಮೊದಲ ಮನೆ 1907ರಲ್ಲಿ ಆಸ್ಟ್ರಿಯಾದ ಟಿರೋಲ್‌ ಪ್ರಾಂತ್ಯದ ಪಾಡಾಸ್ಟರ್‌ಯೋಖ್‌ನಲ್ಲಿ, 2,200 ಮೀಟರ್‌ಗೂ ಹೆಚ್ಚು ಎತ್ತರದಲ್ಲಿ ಆಯಿತು. ಈಗ ಬೇರೆ ಬೇರೆ ದೇಶಗಳಲ್ಲಿ ನೂರಾರು ಮನೆಗಳಿವೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲೂ ಇವೆ, ಒಂದು ಮ್ಯೂರ್ ವುಡ್ಸ್‌ನ ಕೆಂಪು ಮರಗಳ ಕಾಡಿನ ಮೇಲ್ಗಡೆಯೇ ಇದೆ. ಮನೆ ಇರುವ ಶಾಖೆಯಲ್ಲಿ ಕೈಗೆ ಸದಾ ಕೆಲಸ ಇರುತ್ತದೆ. ಕೆಲಸ ಇದ್ದಲ್ಲಿ ಸ್ನೇಹ ಬೇಗ ಬೆಳೆಯುತ್ತದೆ, ಅಲ್ವಾ?

ಅತಿಥಿಯಾಗಿ ಮೊದಲ ನಡಿಗೆ

ಫಾರ್ಮ್ ತುಂಬುವ ಮೊದಲು ಒಮ್ಮೆ ಅವರ ಜೊತೆ ನಡೆಯಿರಿ. ಶಾಖೆಗೆ ನಾಲ್ಕು ಸಾಲು ಬರೆದು, ನಾನು ಅತಿಥಿಯಾಗಿ ಬರಬಹುದೇ ಎಂದು ಕೇಳಿದರೆ ಸಾಕು. ಭಾಷೆ ಅಷ್ಟು ಬರುವುದಿಲ್ಲ ಅಂತ ಹಿಂಜರಿಯಬೇಡಿ. ನಡೆಯುತ್ತಾ ಮಾತಾಡುವಾಗ ಭಾಷೆ ತಾನಾಗಿ ಬಿಚ್ಚಿಕೊಳ್ಳುತ್ತದೆ.

ನಿಮಗೆ ಆಗುವ ನಡಿಗೆಯನ್ನೇ ಆರಿಸಿಕೊಳ್ಳಿ. ಪ್ರಕಟಣೆಯಲ್ಲಿ ದೂರದ ಜೊತೆ ಏರು, ಇಳಿತ ಎಷ್ಟು ಮೀಟರ್ ಎಂದೂ ಇರುತ್ತದೆ. ಹೊಸಬರು ಕಿಲೋಮೀಟರ್ ಮಾತ್ರ ನೋಡುತ್ತಾರೆ. ಬೆಟ್ಟದಲ್ಲಿ ಅದಕ್ಕಿಂತ ಮುಖ್ಯ ಏರು. ಆಲ್ಪ್ಸ್ ಕಡೆ ಬಳಸುವ ಲೆಕ್ಕ ಹೀಗಿದೆ. ಸಮತಟ್ಟಿನಲ್ಲಿ ಗಂಟೆಗೆ 4 ಕಿಲೋಮೀಟರ್. ಏರುವಾಗ ಗಂಟೆಗೆ 300 ಮೀಟರ್ ಎತ್ತರ, ಇಳಿಯುವಾಗ 500 ಮೀಟರ್. ದೂರಕ್ಕೆ ಬೇಕಾದ ಹೊತ್ತು, ಏರಿಳಿತಕ್ಕೆ ಬೇಕಾದ ಹೊತ್ತು ಎರಡನ್ನೂ ಬೇರೆ ಬೇರೆ ಲೆಕ್ಕ ಹಾಕಿ. ದೊಡ್ಡದಕ್ಕೆ ಚಿಕ್ಕದರ ಅರ್ಧ ಸೇರಿಸಿ. ಉದಾಹರಣೆಗೆ 12 ಕಿಲೋಮೀಟರ್ ದಾರಿ, 600 ಮೀಟರ್ ಏರು, 500 ಮೀಟರ್ ಇಳಿತ ಅನ್ನಿ. ದೂರಕ್ಕೆ 3 ಗಂಟೆ. ಏರಿಗೆ 2, ಇಳಿತಕ್ಕೆ 1, ಅಲ್ಲಿಗೂ 3 ಗಂಟೆ. ಒಟ್ಟು ನಾಲ್ಕೂವರೆ ಗಂಟೆ ನಡಿಗೆ. ಊಟ, ವಿಶ್ರಾಂತಿ ಇದರಲ್ಲಿ ಸೇರಿಲ್ಲ. ಇಷ್ಟು ನಡೆಯಲು ನಿಮ್ಮಿಂದಾಗುತ್ತದೆ ಅನ್ನಿಸಿದರೆ ಹೆಸರು ಕೊಡಿ.

ನಡಿಗೆಯಲ್ಲಿ ಗಮನಿಸಬೇಕಾದ್ದು ಒಂದೇ. ಹಿಂದೆ ಬಿದ್ದವರಿಗಾಗಿ ಗುಂಪು ಕಾಯುತ್ತದೆಯೇ? ಕಾಯುವ ಶಾಖೆಯಾದರೆ ಕಣ್ಣುಮುಚ್ಚಿ ಸೇರಬಹುದು.

ಫಾರ್ಮ್ ಮತ್ತು ಶುಲ್ಕ

ಫಾರ್ಮ್ ಸರಳ. ಹೆಸರು, ವಿಳಾಸ, ಹುಟ್ಟಿದ ದಿನ, ಶುಲ್ಕ ಕಟ್ಟಿಸಿಕೊಳ್ಳಲು ಬ್ಯಾಂಕ್ ಖಾತೆ ಸಂಖ್ಯೆ. ಒಬ್ಬರಿಗೆ, ಕುಟುಂಬಕ್ಕೆ, ಯುವಕರಿಗೆ ಬೇರೆ ಬೇರೆ ಶುಲ್ಕ ಇರುತ್ತದೆ. ಮಕ್ಕಳಿದ್ದರೆ ಕುಟುಂಬದ ಸದಸ್ಯತ್ವವನ್ನೇ ತೆಗೆದುಕೊಳ್ಳಿ. ಜರ್ಮನಿಯಲ್ಲಿ ಶುಲ್ಕ ಶಾಖೆಯಿಂದ ಶಾಖೆಗೆ ಬದಲಾಗುತ್ತದೆ, ಹಾಗಾಗಿ ಗೆಳೆಯರು ಬೇರೆ ಊರಿನಲ್ಲಿ ಕಟ್ಟಿದ ಮೊತ್ತ ನಿಮಗೆ ಲೆಕ್ಕಕ್ಕೆ ಬರುವುದಿಲ್ಲ.

ಆಸ್ಟ್ರಿಯಾದಲ್ಲಿ ಸದಸ್ಯತ್ವದ ಜೊತೆ ಅಪಘಾತ ವಿಮೆಯೂ ಬರುತ್ತದೆ. ಇದನ್ನು ಹಗುರವಾಗಿ ನೋಡಬೇಡಿ. ಅಲ್ಲಿ ಬೆಟ್ಟದಲ್ಲಿ ಬಿದ್ದು ಹೆಲಿಕಾಪ್ಟರ್ ಕರೆಸಬೇಕಾದರೆ ಬಿಲ್ ಸಾವಿರಾರು ಯೂರೋ ಆಗುತ್ತದೆ. ವಿಮೆಯ ಷರತ್ತುಗಳನ್ನು ಒಮ್ಮೆ ಕೂತು ಓದಿ. ಯಾವ ಚಟುವಟಿಕೆಗೆ ಉಂಟು, ಯಾವ ದೇಶದಲ್ಲಿ ಉಂಟು, ಎಷ್ಟರವರೆಗೆ ಉಂಟು ಎಂದು ಗುರುತು ಹಾಕಿಕೊಳ್ಳಿ.

ಮನೆಯಲ್ಲಿ ಉಳಿಯುವಾಗ

ಸದಸ್ಯರ ಕಾರ್ಡ್ ತೋರಿಸಿದರೆ ಸಂಘದ ಮನೆಗಳಲ್ಲಿ ಕಡಿಮೆ ದರ ಸಿಗುತ್ತದೆ, ಬೇರೆ ದೇಶದಲ್ಲೂ ಕೂಡ. ಆದರೆ ಹೋಟೆಲ್ ಅಂದುಕೊಂಡು ಹೋಗಬೇಡಿ. ಕೆಲವು ಮನೆಗಳಲ್ಲಿ ಅಡುಗೆಯವರಿರುತ್ತಾರೆ. ಕೆಲವು ಕಡೆ ಬೀಗದ ಕೈ ತೆಗೆದುಕೊಂಡು ನಾವೇ ಒಲೆ ಹಚ್ಚಿ ಬೇಯಿಸಿಕೊಳ್ಳಬೇಕು. ಒಂದೇ ದೊಡ್ಡ ಕೋಣೆಯಲ್ಲಿ ಸಾಲಾಗಿ ಮಲಗುವ ವ್ಯವಸ್ಥೆಯೂ ಇರಬಹುದು. ತೆಳುವಾದ ಬಟ್ಟೆಯ ಮಲಗುವ ಚೀಲ ಒಯ್ಯಿರಿ. ಬೂಟು ಬಾಗಿಲಲ್ಲೇ ಬಿಡಿ. ಅಲ್ಲಿರುವ ಪುಸ್ತಕದಲ್ಲಿ ಹೆಸರು, ಮುಂದೆ ಹೋಗುವ ದಾರಿ ಬರೆಯಿರಿ. ಯಾರಾದರೂ ದಾರಿ ತಪ್ಪಿದರೆ ಹುಡುಕುವವರು ಮೊದಲು ನೋಡುವುದು ಅದನ್ನೇ. ನಿಮ್ಮ ಕಸವನ್ನು ನೀವೇ ಕೆಳಗೆ ತನ್ನಿ.

ಕೆಲಸದ ದಿನ

ಸದಸ್ಯತ್ವಕ್ಕೆ ಜೀವ ಬರುವುದು ಇಲ್ಲಿ. ಮನೆಯಿರುವ ಶಾಖೆಗಳಲ್ಲಿ ಆಗಾಗ ಎಲ್ಲರೂ ಸೇರಿ ಕೆಲಸ ಮಾಡುವ ದಿನ ಇರುತ್ತದೆ. ಸೌದೆ ಒಡೆಯುವುದು, ಕಿಟಕಿಗೆ ಬಣ್ಣ, ಹಾಸಿಗೆ ಬಿಸಿಲಿಗೆ ಹಾಕುವುದು, ಮರದ ಮೇಲಿನ ದಾರಿಗುರುತು ಮತ್ತೆ ಬರೆಯುವುದು.

ಕಾಲುದಾರಿಯ ಕೆಲಸ ಸಿಕ್ಕರೆ ಬಿಡಬೇಡಿ. ಇಳಿಜಾರು ದಾರಿಗೆ ಅಡ್ಡಲಾಗಿ ಅಲ್ಲಲ್ಲಿ ಓರೆಯಾಗಿ ಸಣ್ಣ ಕಾಲುವೆ ತೋಡಿರುತ್ತಾರೆ. ಮಳೆ ನೀರನ್ನು ದಾರಿಯಿಂದ ಪಕ್ಕಕ್ಕೆ ದಾಟಿಸುವುದು ಅದರ ಕೆಲಸ. ಎಲೆ, ಮಣ್ಣು ತುಂಬಿಕೊಂಡರೆ ನೀರು ದಾರಿಯ ಮೇಲೇ ಇಳಿಯುತ್ತದೆ. ಜೋರು ಮಳೆಗೆ ದಾರಿಯೇ ಕೊರೆದು ಹಳ್ಳವಾಗುತ್ತದೆ. ಆಮೇಲೆ ನಡೆಯುವವರು ಹಳ್ಳ ತಪ್ಪಿಸಲು ಪಕ್ಕದ ಗಿಡ ತುಳಿಯುತ್ತಾರೆ. ಹೊಸ ಜಾಡು ಹುಟ್ಟುತ್ತದೆ, ಅಲ್ಲಿಯೂ ಮಣ್ಣು ಕೊಚ್ಚಿಹೋಗುತ್ತದೆ. ಇಷ್ಟೆಲ್ಲ ಹಾಳಾಗುವುದನ್ನು ತಡೆಯಲು ಬೇಕಾಗುವುದು ಒಂದು ಗುದ್ದಲಿ, ಹತ್ತು ನಿಮಿಷ. ಕಾಲುವೆಯ ಕೆಳತುದಿಯಿಂದ ಶುರು ಮಾಡಿ. ನೀರು ಹೊರಗೆ ಹೋಗುವ ಬಾಯಿ ಮೊದಲು ತೆರೆಯಬೇಕು, ಇಲ್ಲದಿದ್ದರೆ ಮೇಲೆ ಎಷ್ಟು ಎಳೆದರೂ ನೀರು ನಿಂತೇ ಇರುತ್ತದೆ. ಎತ್ತಿದ ಮಣ್ಣನ್ನು ಕಾಲುವೆಯ ಕೆಳಬದಿಗೆ ಗುಡ್ಡೆ ಹಾಕಿ ಕಾಲಲ್ಲಿ ಒತ್ತಿ.

ಇಂಥ ಕೆಲಸದಲ್ಲಿ ಆಸಕ್ತಿ ಹುಟ್ಟಿದರೆ ನಡಿಗೆಯ ಮುಂದಾಳುಗಳಿಗೆ ಸಂಘವೇ ಕೊಡುವ ತರಬೇತಿಯ ಬಗ್ಗೆ ಕೇಳಿ.

ಊರು ಬಿಡುವಾಗ

ಕೆಲಸ ಬದಲಾಗಿ ಬೇರೆ ಊರಿಗೆ ಹೋದರೆ ಸದಸ್ಯತ್ವ ಬಿಡಬೇಕಿಲ್ಲ. ಹೊಸ ಊರಿನ ಶಾಖೆಗೆ ವರ್ಗ ಮಾಡಿಕೊಡಿ ಎಂದು ಕೇಳಿ. ದೇಶವೇ ಬದಲಾದರೆ ಅಲ್ಲಿನ ಸಂಘಕ್ಕೆ ಹೊಸದಾಗಿ ಸೇರಬೇಕಾಗುತ್ತದೆ. ಬಿಡುವುದೇ ಆದರೆ ಬರವಣಿಗೆಯಲ್ಲಿ ತಿಳಿಸಿ, ಸುಮ್ನೆ ಹಣ ಕಟ್ಟುವುದು ನಿಲ್ಲಿಸಬೇಡಿ. ಬಿಡುವ ಕಾಗದ ಯಾವ ತಾರೀಖಿನ ಒಳಗೆ ಕೊಡಬೇಕು ಎಂಬುದು ಶಾಖೆಯ ನಿಯಮದಲ್ಲಿ ಇರುತ್ತದೆ. ಸೇರುವ ದಿನವೇ ಅದನ್ನು ಕೇಳಿ ಬರೆದಿಟ್ಟುಕೊಳ್ಳಿ.