ಅಕ್ಕಿಯ ಹುಳ ಬೇರೆ, ಅಲಸಂದೆಯ ಹುಳ ಬೇರೆ

ನಮ್ಮ ಸಕಲೇಶಪುರದ ಕಡೆ ಮಳೆ ಹಿಡಿಯಿತು ಅಂದ್ರೆ ನೆಂಟರ ಹೆಣ್ಣುಮಕ್ಕಳ ಫೋನು ಶುರು. "ದೊಡ್ಡಮ್ಮ, ಡಬ್ಬಿಯಲ್ಲಿ ಹುಳ ಆಗಿದೆ, ಏನು ಹಾಕಲಿ?" ಯಾವ ಹುಳ ಅಂತ ಮೊದಲು ನೋಡಿ ಅನ್ನುತ್ತೇನೆ.

ಅಕ್ಕಿಯ ಹುಳವನ್ನು ಬಿಳಿ ತಟ್ಟೆಗೆ ಹಾಕಿ ನೋಡಿ. ಕಂದು ಬಣ್ಣ, ಮುಂದೆ ಸೊಂಡಿಲಿನಂಥ ಮೂತಿ. ಮುಟ್ಟಿದರೆ ಕಾಲು ಮಡಚಿ ಸತ್ತ ಹಾಗೆ ಬಿದ್ದುಕೊಳ್ಳುತ್ತದೆ. ಆ ಮೂತಿಯಿಂದಲೇ ಅಕ್ಕಿ ಕೊರೆದು, ಒಳಗೆ ಮೊಟ್ಟೆ ಇಟ್ಟು, ತೂತು ಮುಚ್ಚಿಬಿಡುತ್ತದೆ. ನಮ್ಮ ಕಣ್ಣಿಗೆ ಏನೂ ಕಾಣುವುದಿಲ್ಲ. ಬೆಳೆದ ಹುಳವೂ ತಿಂಗಳುಗಟ್ಟಲೆ ಬದುಕಿ ತಿನ್ನುತ್ತಲೇ ಇರುತ್ತದೆ.

ಅಲಸಂದೆ, ಹೆಸರುಕಾಳು, ಕಡಲೆಯಲ್ಲಿ ಬರುವುದು ಗಿಡ್ಡ, ದುಂಡು, ಆ ಸೊಂಡಿಲು ಇಲ್ಲ. ಇದು ಮೊಟ್ಟೆಯನ್ನು ಕಾಳಿನ ಸಿಪ್ಪೆಯ ಮೇಲೆ ಅಂಟಿಸುತ್ತದೆ, ಸುಣ್ಣದ ಚುಕ್ಕೆ ಇಟ್ಟ ಹಾಗೆ. ಮರಿ ಒಳಗೆ ಕೊರೆದು ತಿಂದು ದುಂಡು ತೂತಿನಿಂದ ಹೊರಗೆ ಬರುತ್ತದೆ, ಆಮೇಲೆ ಅದು ಕಾಳು ತಿನ್ನುವುದಿಲ್ಲ, ಕೆಲವೇ ದಿನ ಬದುಕಿ ಮತ್ತೆ ಮೊಟ್ಟೆ ಇಟ್ಟು ಸಾಯುತ್ತದೆ. ಹೊಲದಲ್ಲಿ ಕಾಯಿ ಒಣಗುವಾಗಲೇ ಕಾಳಿಗೆ ಬಂದು ಸೇರಿರುತ್ತದೆ, ಅದಕ್ಕೇ ಎಷ್ಟು ಬಿಗಿ ಡಬ್ಬಿಯಲ್ಲಿಟ್ಟರೂ ಒಳಗಿನಿಂದಲೇ ಏಳುತ್ತದೆ.

ಮೊಟ್ಟೆ ಹೊರಗಿದೆ ಅಲ್ವಾ, ಹಾಗಾಗಿ ಕಾಳಿಗೆ ಹರಳೆಣ್ಣೆ ನಡೆಯುತ್ತದೆ. ಬಿಸಿಲಿರುವಾಗಲೇ, ಫೆಬ್ರವರಿ ಮಾರ್ಚಿನಲ್ಲಿ, ಚೆನ್ನಾಗಿ ಒಣಗಿಸಿ, ಆರಿದ ಮೇಲೆ ಕಿಲೋಗೆ ಒಂದು ಟೀ ಚಮಚ ಎಣ್ಣೆ ಹಾಕಿ ಅಂಗೈಯಲ್ಲಿ ಉಜ್ಜಿ. ಮೊಟ್ಟೆಗೆ ಉಸಿರು ಕಟ್ಟುತ್ತದೆ. ಬೇಯಿಸುವ ಮುಂಚೆ ಬಿಸಿನೀರಲ್ಲಿ ತೊಳೆದರಾಯಿತು. ಸ್ವಲ್ಪವೇ ಕಾಳಿದ್ದರೆ ಒಂದು ವಾರ ಫ್ರೀಜರಿನಲ್ಲಿಡಿ, ಸಾಕು.

ಅಕ್ಕಿಗೆ ಈ ಎಣ್ಣೆಯ ಕೆಲಸ ಬೇಡ. ಮೊಟ್ಟೆ ಒಳಗೇ ಇದೆ, ಸುಮ್ನೆ ಅನ್ನಕ್ಕೆ ವಾಸನೆ. ಸುಡುಬಿಸಿಲಿಗೂ ಹಾಕಬೇಡಿ, ಅಕ್ಕಿ ಬಿರುಕು ಬಿಟ್ಟು ನುಚ್ಚಾಗುತ್ತದೆ. ನೆರಳಲ್ಲಿ ತೆಳ್ಳಗೆ ಹರಡಿ, ಹುಳ ತಾನೇ ಹರಿದು ಹೋಗುತ್ತದೆ, ಉಳಿದದ್ದನ್ನು ಜರಡಿ ಹಿಡಿಯಿರಿ. ಒಳಗಿನ ಮರಿ ಹೊರಗೆ ಬರಲು ಸುಮಾರು ಒಂದು ತಿಂಗಳು ಬೇಕು, ಹಾಗಾಗಿ ವಾರಕ್ಕೊಮ್ಮೆ ತೆಗೆದು ನೋಡುತ್ತಿರಿ. ಮಳೆಗಾಲಕ್ಕೆ ಮೂಟೆಗಟ್ಟಲೆ ತರಲೇಬೇಡಿ.

ಒಂದು ಮಾತು ಕೈಮುಗಿದು ಹೇಳುತ್ತೇನೆ. ಹುಳ ಸಾಯಲಿ ಅಂತ ಗೋದಾಮಿಗೆ ಇಡುವ ವಿಷದ ಮಾತ್ರೆಯನ್ನು ಯಾರೋ ಕೊಟ್ಟರು ಅಂತ ಮನೆಯ ಅಕ್ಕಿಗೆ ಇಡಬೇಡಿ. ಅದರ ಗಾಳಿ ಮಲಗಿದವರ ಪ್ರಾಣ ತೆಗೆಯುತ್ತದೆ. ಮಕ್ಕಳಿರುವ ಮನೆ.

ಹಳೆ ಅಕ್ಕಿಯ ಮೇಲೆ ಹೊಸದು ಸುರಿಯಬೇಡಿ. ಡಬ್ಬಿ ತೊಳೆದು, ಒಣಗಿಸಿ, ಮೂಲೆಯ ಹುಡಿ ಪೂರ್ತಿ ಒರೆಸಿದ ಮೇಲೇ ತುಂಬಿ.