ಹತ್ತು ಬ್ಲೇಡಿನ ಉರಿ: ಗ್ಯಾಸ್ ಗೀಸರ್ ಬರ್ನರ್ ಮಾಡಿದ ನನ್ನ ಅನುಭವ

ಪೀಣ್ಯದ ನಮ್ಮ ಶೆಡ್‌ನಲ್ಲಿ ಮೊದಲ ಬರ್ನರ್ ಹೊತ್ತಿಸಿದಾಗ ರಾತ್ರಿ ಎಂಟು ಗಂಟೆ. ಉರಿ ಸರಿಯಾಗಿ ಕಾಣಲಿ ಅಂತ ಲೈಟ್ ಆರಿಸಿದೆವು. ಬರ್ನರಿನ ಹತ್ತು ಬ್ಲೇಡುಗಳ (ತಲೆಯಲ್ಲಿ ಸೀಳಿರುವ ತೆಳು ತಗಡಿನ ಕೊಳವೆಗಳು) ಮೇಲೂ ನೀಲಿ ಉರಿ ಒಂದೇ ಎತ್ತರಕ್ಕೆ ನಿಂತಿತ್ತು, ಭತ್ತದ ಸಸಿಮಡಿ ಹಾಗೆ. ಹಳದಿ ಒಂದು ಎಳೆಯೂ ಇಲ್ಲ. ಕೆಲಸ ಮುಗಿಯಿತು ಅಂದುಕೊಂಡೆ.

ಮರುದಿನ ಅದರ ಮೇಲೆ ಉರಿಯ ಶಾಖವನ್ನು ನೀರಿಗೆ ದಾಟಿಸುವ ತಾಮ್ರದ ಹೀಟ್ ಎಕ್ಸ್‌ಚೇಂಜರ್ ಕೂರಿಸಿ, ಹುಡ್ ಹಾಕಿ, ಹೊಗೆ ಹೋಗುವ ಬಾಯಿಗೆ ಅನಿಲ ಅಳೆಯುವ ಅನಲೈಸರಿನ ಕೊಳವೆ ಇಟ್ಟೆವು. ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ 1,400 ಪಿಪಿಎಂ, ಅಂದರೆ ಹತ್ತು ಲಕ್ಷಕ್ಕೆ 1,400 ಭಾಗ, ತೋರಿಸಿತು. ಬರ್ನರ್ ಅದೇ, ಗ್ಯಾಸ್ ಅದೇ. ಬದಲಾಗಿದ್ದು ಗಾಳಿಯ ದಾರಿ ಮಾತ್ರ. ಅಲ್ಲಿಂದ ಮುಂದಿನ ಏಳು ತಿಂಗಳು ನಾನು ಮಾಡಿದ್ದೆಲ್ಲ ಆ ದಾರಿ ಹುಡುಕುವ ಕೆಲಸವೇ.

ಮೊದಲು ಲೆಕ್ಕ ಹೇಳುತ್ತೇನೆ, ಯಾಕಂದ್ರೆ ಎಲ್ಲವೂ ಅಲ್ಲಿಂದಲೇ ಶುರು. ನಿಮಿಷಕ್ಕೆ 6 ಲೀಟರ್ ನೀರನ್ನು 25 ಡಿಗ್ರಿ ಜಾಸ್ತಿ ಬಿಸಿ ಮಾಡಬೇಕು. ಅದಕ್ಕೆ ಹತ್ತೂವರೆ ಕಿಲೋವಾಟ್ ಶಾಖ ನೀರಿಗೆ ಸೇರಬೇಕು. ನೂರಕ್ಕೆ 85 ಭಾಗ ನೀರಿಗೆ ಸಿಗುತ್ತದೆ ಅಂತ ಇಟ್ಟುಕೊಂಡರೆ ಬರ್ನರ್ 12 ಕಿಲೋವಾಟ್‌ಗಿಂತ ಸ್ವಲ್ಪ ಮೇಲೆಯೇ ಉರಿಯಬೇಕು. ಅಂದರೆ ಗಂಟೆಗೆ ಹತ್ತಿರ ಹತ್ತಿರ ಒಂದು ಕಿಲೋ ಎಲ್‌ಪಿಜಿ. ಅಡುಗೆ ಒಲೆಯ ಒಂದು ದೊಡ್ಡ ಬರ್ನರ್ ಎರಡು ಮೂರು ಕಿಲೋವಾಟ್ ಇರುತ್ತದೆ. ನಾಲ್ಕೈದು ಅಂಥ ಬರ್ನರುಗಳನ್ನು ಒಂದು ಷೂ ಡಬ್ಬದಷ್ಟು ಜಾಗದಲ್ಲಿ ಕೂರಿಸಿದ ಹಾಗೆ ಇದು.

ಒಂದು ಕಿಲೋ ಎಲ್‌ಪಿಜಿ ಪೂರ್ತಿ ಉರಿಯಲು ಹೆಚ್ಚುಕಡಿಮೆ 12 ಘನ ಮೀಟರ್ ಗಾಳಿ ಬೇಕು. ಬರ್ನರಿನಲ್ಲಿ ಇದು ಎರಡು ಕಂತಿನಲ್ಲಿ ಬರುತ್ತದೆ. ಜೆಟ್ ಎಂಬ ಸಣ್ಣ ತೂತಿನ ಮೂತಿಯಿಂದ ಚಿಮ್ಮುವ ಗ್ಯಾಸ್ ತನ್ನ ವೇಗಕ್ಕೇ ಒಂದಷ್ಟು ಗಾಳಿಯನ್ನು ಬ್ಲೇಡಿನ ಬಾಯಿಯೊಳಗೆ ಎಳೆದುಕೊಳ್ಳುತ್ತದೆ. ಅದು ಪ್ರೈಮರಿ ಗಾಳಿ, ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಉಳಿದದ್ದು ಬ್ಲೇಡು ಬ್ಲೇಡುಗಳ ನಡುವಿನ ಸಂದಿಯಿಂದ ಮೇಲೆದ್ದು ಉರಿಗೆ ಪಕ್ಕದಿಂದ ಸೇರಬೇಕು. ನನ್ನ ತಪ್ಪು ಆ ಸಂದಿಯಲ್ಲಿತ್ತು. ಡಬ್ಬ ಚಿಕ್ಕದಾಗಲಿ ಅಂತ ಬ್ಲೇಡುಗಳನ್ನು ಒತ್ತೊತ್ತಾಗಿ ಜೋಡಿಸಿದ್ದೆ. ತೆರೆದ ಟೇಬಲ್ ಮೇಲೆ ಗಾಳಿ ಎಲ್ಲ ಕಡೆಯಿಂದ ಬರುತ್ತಿತ್ತು, ಆದ್ದರಿಂದ ಕೊರತೆ ಕಾಣಲಿಲ್ಲ. ಡಬ್ಬದೊಳಗೆ ನಡುವಿನ ನಾಲ್ಕು ಬ್ಲೇಡುಗಳಿಗೆ ಉಸಿರು ಕಟ್ಟಿತು. ಅವುಗಳ ಉರಿ ಗಾಳಿ ಹುಡುಕಿಕೊಂಡು ಉದ್ದಕ್ಕೆ ಬೆಳೆದು ಎಕ್ಸ್‌ಚೇಂಜರಿನ ತಾಮ್ರದ ಫಿನ್‌ಗಳನ್ನು (ತೆಳು ತಗಡಿನ ಪಟ್ಟಿಗಳನ್ನು) ನೆಕ್ಕುತ್ತಿತ್ತು.

ಎಕ್ಸ್‌ಚೇಂಜರ್ ಬಿಚ್ಚಿದಾಗ ಇದು ಕಣ್ಣಿಗೇ ಕಂಡಿತು. ಅಂಚಿನ ಫಿನ್‌ಗಳು ಹೊಸ ತಾಮ್ರದ ಹಾಗೆ ಹೊಳೆಯುತ್ತಿದ್ದವು. ನಡುವೆ ಅಂಗೈಯಗಲ ಜಾಗದಲ್ಲಿ ತೆಳು ಮಸಿ, ಬೆರಳಲ್ಲಿ ಒರೆಸಿದರೆ ಕಾಡಿಗೆಯಂತೆ ಅಂಟುತ್ತಿತ್ತು. ಫಿನ್‌ಗೆ ಅಂಟಿಕೊಂಡ ಕೊಳವೆಯಲ್ಲಿ ನೀರು ಹರಿಯುವುದರಿಂದ ಅದು ತಣ್ಣಗಿರುತ್ತದೆ. ಉರಿಯ ತುದಿ ಅದಕ್ಕೆ ತಾಗಿದರೆ ಅರ್ಧ ಉರಿದ ಗ್ಯಾಸ್ ಅಲ್ಲೇ ತಣ್ಣಗಾಗಿಬಿಡುತ್ತದೆ. ಕಾರ್ಬನ್ ಡೈಆಕ್ಸೈಡ್ ಆಗಬೇಕಾದದ್ದು ಮೊನಾಕ್ಸೈಡ್ ಆಗಿಯೇ ಹೊರಬೀಳುತ್ತದೆ.

ಸಂದಿಯನ್ನು ಮೂರು ಮಿಲಿಮೀಟರ್ ಅಗಲ ಮಾಡಿದೆವು. ಉರಿಗೂ ಫಿನ್‌ಗೂ ನಡುವಿನ ಎತ್ತರ ಹೆಚ್ಚಿಸಿದೆವು. ಡಬ್ಬ ದೊಡ್ಡದಾಯಿತು, ತಗಡಿನ ಖರ್ಚು ಏರಿತು, ಪಾಲುದಾರರಿಗೆ ಇಷ್ಟವಾಗಲಿಲ್ಲ. ಆದರೆ ಅನಲೈಸರ್ 1,400ರಿಂದ 300ಕ್ಕೆ ಇಳಿದಿತ್ತು.

ಮುಂದಿನದು ಸ್ಲಾಟು. ಪ್ರತಿ ಬ್ಲೇಡಿನ ತಲೆಯ ಮೇಲೆ 0.6 ಮಿಲಿಮೀಟರ್ ಅಗಲದ 16 ಸೀಳು ಇಟ್ಟಿದ್ದೆ. ಚಳಿಗಾಲದ ಬೆಳಿಗ್ಗೆ, ಬರ್ನರ್ ಇನ್ನೂ ತಣ್ಣಗಿರುವಾಗ, ಉರಿ ಸೀಳನ್ನು ಬಿಟ್ಟು ಮೇಲಕ್ಕೆ ಹಾರುತ್ತಿತ್ತು. ಗಾಳಿ ಊದಿದ ಹಾಗೆ ಸೊಯ್ ಎನ್ನುವ ಸದ್ದು, ಜೊತೆಗೆ ಕಣ್ಣು ಚುರುಗುಟ್ಟಿಸುವ ಘಾಟು. ಆ ಘಾಟು ಬಂತು ಅಂದರೆ ಉರಿ ಪೂರ್ತಿ ಆಗುತ್ತಿಲ್ಲ ಅಂತಲೇ ಅರ್ಥ. ಅಷ್ಟು ಗ್ಯಾಸಿಗೆ ಬಾಯಿ ಸಾಲುತ್ತಿರಲಿಲ್ಲ. ಸೀಳುಗಳನ್ನು 20 ಮಾಡಿದ ಮೇಲೆ ಒಂದು ಚದರ ಮಿಲಿಮೀಟರ್‌ಗೆ 13 ವಾಟ್ ಇದ್ದ ಹೊರೆ 10ಕ್ಕೆ ಬಂತು, ಉರಿ ಕೂತುಕೊಂಡಿತು. ಸೀಳಿನ ಅಗಲ ಮಾತ್ರ ಹೆಚ್ಚಿಸಲಿಲ್ಲ. ಅಗಲ ಜಾಸ್ತಿಯಾದರೆ ಗ್ಯಾಸ್ ಕಡಿಮೆ ಮಾಡಿದಾಗ ಉರಿ ಒಳಗೇ ಇಳಿದು ಜೆಟ್ ಹತ್ತಿರ ಉರಿಯತೊಡಗುತ್ತದೆ.

ಇನ್ನು ಜೆಟ್. ಬ್ಲೇಡಿಗೊಂದರಂತೆ ಹತ್ತು ಹಿತ್ತಾಳೆ ಜೆಟ್, ತೂತು 0.62 ಮಿಲಿಮೀಟರ್. ಮನೆಯ ರೆಗ್ಯುಲೇಟರ್ 30 ಮಿಲಿಬಾರ್ ಒತ್ತಡ ಕೊಡುತ್ತದೆ, ವಾಲ್ವ್ ದಾಟಿ ಜೆಟ್‌ಗೆ ಸಿಗುವುದು 25ರ ಸುಮಾರು. ಒಂದು ಸಲ ಹೊರಗಿನಿಂದ ಕೊರೆಸಿದ ಲಾಟ್‌ನಲ್ಲಿ ಕೆಲವು ತೂತು 0.64 ಇದ್ದವು. ಕೂದಲೆಳೆಗಿಂತ ಕಡಿಮೆ ವ್ಯತ್ಯಾಸ. ಆದರೆ ಗ್ಯಾಸ್ ಹೋಗುವುದು ತೂತಿನ ವಿಸ್ತೀರ್ಣದ ಮೇಲೆ, ಹಾಗಾಗಿ ಆರೂವರೆ ಪರ್ಸೆಂಟ್ ಜಾಸ್ತಿ ಗ್ಯಾಸ್! ಅಂದಿನಿಂದ ಪ್ರತಿ ಜೆಟ್‌ಗೂ ತೂತಿನ ಅಳತೆ ನೋಡುವ ಪಿನ್ ಗೇಜ್ ಹಾಕಿಯೇ ಒಳಗೆ ತೆಗೆದುಕೊಳ್ಳುತ್ತೇವೆ. ಸುಮ್ನೆ ನಾಲ್ಕು ನೋಡಿ ಬಿಡುವುದಿಲ್ಲ.

ಬೆಂಗಳೂರಿನ ಹೊಸ ಬಡಾವಣೆಗಳಿಗೆ ಪೈಪ್ ಗ್ಯಾಸ್ ಬರತೊಡಗಿದ ಮೇಲೆ ಇನ್ನೊಂದು ಕೆಲಸ ಸೇರಿಕೊಂಡಿತು. ಪಿಎನ್‌ಜಿ ಅಂದರೆ ಬಹುಪಾಲು ಮೀಥೇನ್, ಒತ್ತಡ 21 ಮಿಲಿಬಾರ್. ಅದೇ ಶಾಖಕ್ಕೆ ಜೆಟ್ ತೂತು 0.85 ಆಗಬೇಕು. ಎಲ್‌ಪಿಜಿ ಗೀಸರನ್ನು ಹಾಗೇ ಪಿಎನ್‌ಜಿಗೆ ಜೋಡಿಸಿದರೆ ನೀರು ಉಗುರುಬೆಚ್ಚಗೆ ಬರುತ್ತದೆ, ಅಷ್ಟೇ. ಉಲ್ಟಾ ಮಾಡಿದರೆ, ಅಂದರೆ ಪಿಎನ್‌ಜಿ ಜೆಟ್‌ಗೆ ಸಿಲಿಂಡರ್ ಕೊಟ್ಟರೆ, ಬೇಕಾದ್ದಕ್ಕಿಂತ ಸುಮಾರು 1.9 ಪಟ್ಟು ಗ್ಯಾಸ್ ನುಗ್ಗುತ್ತದೆ. ಉದ್ದ ಹಳದಿ ಉರಿ, ಮಸಿ, ವಿಷ. ಮನೆ ಬದಲಿಸುವವರು ಇದನ್ನು ದಯವಿಟ್ಟು ನೆನಪಿಡಿ. ಜೆಟ್‌ಗಳನ್ನು ಕೂರಿಸಿರುವ ಮ್ಯಾನಿಫೋಲ್ಡ್ ಕೊಳವೆ ಬದಲಿಸದೆ ಗೀಸರ್ ಹಚ್ಚಬೇಡಿ.

ಕೊನೆಗೆ ಅನಲೈಸರ್ 70 ಪಿಪಿಎಂಗೆ ಬಂದು ನಿಂತಿತು. ನನಗೆ ಸಮಾಧಾನವಾಗಬೇಕಿತ್ತು. ಆದರೆ ಬಚ್ಚಲಲ್ಲಿ ಗ್ಯಾಸ್ ಗೀಸರ್ ಹಚ್ಚಿ ಸ್ನಾನಕ್ಕೆ ಹೋದವರು ಹೊರಗೆ ಬರಲೇ ಇಲ್ಲ ಅನ್ನುವ ಸುದ್ದಿ ನಮ್ಮ ಊರಲ್ಲಿ ಮತ್ತೆ ಮತ್ತೆ ಓದುತ್ತೇವೆ, ಅಲ್ವಾ? ಅದಕ್ಕೆ ಶೆಡ್ ಮೂಲೆಯಲ್ಲಿ ಪ್ಲೈವುಡ್‌ನಿಂದ ಒಂದು ಬಚ್ಚಲುಮನೆ ಕಟ್ಟಿಸಿದೆ. ಐದಡಿ, ನಾಲ್ಕಡಿ, ಎಂಟಡಿ ಎತ್ತರ. ಒಳಗೆ ನಾಲ್ಕೂವರೆ ಘನ ಮೀಟರ್ ಗಾಳಿ. ಗೀಸರ್ ಒಳಗೆ, ನಾವೆಲ್ಲ ಹೊರಗೆ, ಅನಲೈಸರ್ ಕೊಳವೆ ಮಾತ್ರ ತೂತಿನಿಂದ ಒಳಕ್ಕೆ. ವೆಂಟಿಲೇಟರ್‌ಗೆ ಟೇಪ್ ಹಚ್ಚಿ ಬಿಸಿನೀರು ತಿರುಗಿಸಿದೆವು.

ಆಮ್ಲಜನಕ 20.9 ಪರ್ಸೆಂಟಿನಿಂದ ಇಳಿಯತೊಡಗಿತು. ನಾಲ್ಕು ನಿಮಿಷಕ್ಕೆ 18. ಬಾಗಿಲ ಕೆಳಗೆ ಸಂದಿ ಇದ್ದರೂ ಇಷ್ಟು. ಗಾಜಿನ ಕಿಂಡಿಯಿಂದ ನೋಡುತ್ತಿದ್ದೆ. ನನ್ನ ಸಸಿಮಡಿಯಂಥ ಉರಿ ಮೆಲ್ಲಗೆ ಉದ್ದವಾಯಿತು, ಅಂಚು ಮಸುಕಾಯಿತು, ಹಳೆಯ ಹಾಗೆ ಫಿನ್ ಮುಟ್ಟಲು ಹೊರಟಿತು. ಮೊನಾಕ್ಸೈಡ್ 70 ಇದ್ದದ್ದು 200 ಆಯಿತು, 600 ಆಯಿತು, ಆಮೇಲೆ ನಿಮಿಷ ಎಣಿಸುವಷ್ಟರಲ್ಲಿ ಸಾವಿರ ದಾಟಿತು. ಗ್ಯಾಸ್ ಬಂದ್ ಮಾಡಿಸಿದೆ. ಯಾರೂ ಮಾತಾಡಲಿಲ್ಲ.

ಈ ವಿಷಕ್ಕೆ ವಾಸನೆ ಇಲ್ಲ. ಸಿಲಿಂಡರ್ ಗ್ಯಾಸಿಗೆ ಸೇರಿಸುವ ಮರ್ಕ್ಯಾಪ್ಟಾನ್ ವಾಸನೆ ಸೋರಿಕೆಯನ್ನು ತಿಳಿಸುತ್ತದೆ, ಉರಿದ ಮೇಲೆ ಅದೂ ಉಳಿಯುವುದಿಲ್ಲ. ಕಾರ್ಬನ್ ಮೊನಾಕ್ಸೈಡ್ ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮೀರಿ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ತಲೆ ಸುತ್ತುತ್ತಿದೆ ಅಂತ ತಿಳಿಯುವ ಹೊತ್ತಿಗೆ ಚಿಲಕ ತೆಗೆಯಲು ಕೈಯಲ್ಲಿ ಶಕ್ತಿ ಇರುವುದಿಲ್ಲ. ನಮ್ಮಜ್ಜಿಯ ಬಚ್ಚಲಲ್ಲಿ ಹಂಡೆಯ ಒಲೆ ಸೌದೆ ಹೊಗೆ ಕಾರುತ್ತಿತ್ತು. ಆದರೆ ಗೋಡೆಗೂ ಹೆಂಚಿಗೂ ನಡುವೆ ಒಂದು ಮೊಳ ಸಂದಿ ಇತ್ತು, ಹೊಗೆ ಹೋಗುತ್ತಿತ್ತು, ಗಾಳಿ ಬರುತ್ತಿತ್ತು. ಈಗಿನ ಬಚ್ಚಲಿಗೆ ಅಲ್ಯೂಮಿನಿಯಂ ಕಿಟಕಿ, ಚಳಿಗೆ ಅದೂ ಮುಚ್ಚಿರುತ್ತದೆ.

ಆ ವಾರವೇ ಅಕ್ಕನ ಮನೆಗೆ ಹೋದೆ. ಅವಳ ಗೀಸರ್ ಬಚ್ಚಲೊಳಗೇ ಇತ್ತು. ಅದನ್ನು ಇಳಿಸಿ, ಗೋಡೆ ಕೊರೆಸಿ, ಹಿಂದಿನ ತೆರೆದ ಯುಟಿಲಿಟಿಗೆ ಹಾಕಿಸಿದೆ. ಹೊಗೆ ಪೈಪನ್ನು ಸೂರಿನಿಂದ ಆಚೆ ತಿರುಗಿಸಿದೆ. ಈಗ ಒಳಗೆ ಬರುವುದು ಬಿಸಿನೀರಿನ ಪೈಪ್ ಮಾತ್ರ. ನೀರು ಕಾಯಲು ಮೊದಲಿಗಿಂತ ಹತ್ತು ಸೆಕೆಂಡ್ ಜಾಸ್ತಿ ಹಿಡಿಯುತ್ತದೆ. ಅಷ್ಟು ಹೊತ್ತು ಬರುವ ತಣ್ಣೀರನ್ನು ಅಕ್ಕ ಬಕೆಟ್‌ಗೆ ಹಿಡಿದು ತುಳಸಿಗೆ ಹಾಕುತ್ತಾಳೆ.